ಲೋಟದ ತಳದಲ್ಲಿ ಉಳಿದ ನೀರು

ನಮ್ಮೂರಲ್ಲಿ ಎರಡು ಟೀ ಅಂಗಡಿ. ಒಂದು ಬಸ್ ಸ್ಟಾಪಿನ ಹತ್ತಿರ, ಇನ್ನೊಂದು ಡೇರಿ ಎದುರು. 2009ರಲ್ಲಿ ನಾನು ಮದ್ದೂರು ತಾಲ್ಲೂಕಿನ ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ತವರಿನಿಂದ ನನ್ನ ತಮ್ಮ ನೋಡಲು ಬಂದಿದ್ದ. ಬಸ್ ಇಳಿದವನು ಡೇರಿ ಎದುರಿನ ಅಂಗಡಿಯಲ್ಲಿ ಟೀ ಕುಡಿದು ಮನೆಗೆ ಬಂದ. ಮಾವ ಅವನನ್ನು ಜಗಲಿ ಮೇಲೆ ಕೂರಿಸಿಕೊಂಡು, "ನಮ್ಮೋರು ಕುಡಿಯೋದು ಬಸ್ ಸ್ಟಾಪ್ ಅಂಗ್ಡೀಲಿ ಕಣಪ್ಪ" ಅಂದರು. ನಮ್ಮೋರು ಅಂದರೆ ನೆಂಟರು ಅಂದುಕೊಂಡೆ. ಪಾರ್ಟಿಯವರು ಅಂತ ಗೊತ್ತಾಗಲು ನನಗೆ ಒಂದು ತಿಂಗಳು ಹಿಡಿಯಿತು.

ಪಾರ್ಟಿಗಳ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಮೊದಲು ನಾನು ಯಾವ ಕಡೆಯವಳು ಅಂತ ಹುಡುಕುತ್ತಾರೆ, ಆಮೇಲೆ ನಾನು ಹೇಳಿದ್ದು ಕಿವಿಗೆ ಬೀಳುವುದಿಲ್ಲ. ಮಂಡ್ಯ ಸೀಮೆಯವರಿಗೆ ಹೇಗೂ ಎರಡು ಹೆಸರೂ ಗೊತ್ತು.

ನಮ್ಮಲ್ಲಿ ಯಾರ ಮದುವೆಗೆ ಯಾರು ಹೋಗಬೇಕು, ಮಾರಿಹಬ್ಬದಲ್ಲಿ ತಂಬಿಟ್ಟಿನ ಆರತಿ ಯಾರ ಬೀದಿಯಿಂದ ಮೊದಲು ಹೊರಡಬೇಕು ಅನ್ನುವುದರಲ್ಲೂ ಪಾರ್ಟಿ ಇತ್ತು. ಅದನ್ನೆಲ್ಲ ಹೇಗೋ ಸಹಿಸಬಹುದು. ಡೇರಿಯಲ್ಲಿ ಸಹಿಸುವುದು ಕಷ್ಟ, ಯಾಕೆಂದರೆ ಅಲ್ಲಿ ದಿನಕ್ಕೆ ಎರಡು ಸಲ ಹೋಗಿ ನಿಲ್ಲಬೇಕು. ನಮಗೆ ಮೂರು ಸೀಮೆ ಹಸು ಇದ್ದವು. ಮಕ್ಕಳ ಫೀಸು, ಅತ್ತೆಯ ಬಿಪಿ ಮಾತ್ರೆ, ಸಂಘದ ಕಂತು ಎಲ್ಲ ಆ ಬಟವಾಡೆಯಲ್ಲೇ ಆಗಬೇಕಿತ್ತು. ಕಬ್ಬಿನ ದುಡ್ಡು ವರ್ಷಕ್ಕೊಂದು ಸಲ ಬರುತ್ತೆ, ಬಂದಿದ್ದು ಸಾಲಕ್ಕೆ ಹೋಗುತ್ತೆ. ಹೆಂಗಸರ ಕೈಗೆ ಸಿಗುವುದು ಹಾಲಿನ ದುಡ್ಡೇ.

ಹಳ್ಳಿ ಡೇರಿಗೂ ಎಂಎಲ್‌ಎ ಎಲೆಕ್ಷನ್ನಿಗೂ ಏನು ಸಂಬಂಧ ಅಂತ ಪಟ್ಟಣದವರು ಕೇಳಬಹುದು. ಸಂಬಂಧ ಇದೆ. 1974ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ನಮ್ಮ ರಾಜ್ಯದಲ್ಲಿ ಡೇರಿ ಯೋಜನೆ ಶುರುವಾದಾಗ ಗುಜರಾತಿನ ಆನಂದ್ ಮಾದರಿಯನ್ನೇ ತಂದರು. ಕೆಳಗೆ ಹಳ್ಳಿಯ ಸಂಘ, ಅದರ ಮೇಲೆ ಜಿಲ್ಲೆಯ ಒಕ್ಕೂಟ, ಎಲ್ಲಕ್ಕಿಂತ ಮೇಲೆ ಮಹಾಮಂಡಳ. ನಮ್ಮ ಜಿಲ್ಲೆಯ ಒಕ್ಕೂಟ ಗೆಜ್ಜಲಗೆರೆಯಲ್ಲಿದೆ. ಅದರ ನಿರ್ದೇಶಕರನ್ನು ಆರಿಸುವುದು ಹಳ್ಳಿ ಸಂಘಗಳಿಂದ ಹೋಗುವ ಡೆಲಿಗೇಟುಗಳು. ಹಾಗಾಗಿ ಯಾವ ಊರಿನ ಡೇರಿ ಯಾರ ಕೈಯಲ್ಲಿದೆ ಅನ್ನುವ ಲೆಕ್ಕ ಮೇಲಿನವರಿಗೆ ಬೇಕೇ ಬೇಕು. ಮೇಲಿನವರಿಗೆ ಒಂದು ವೋಟು ಬೇಕು. ಆ ಒಂದು ವೋಟಿಗಾಗಿ ಕೆಳಗೆ ಹಾಲು ಹಾಕುವವರೆಲ್ಲ ಎರಡು ಭಾಗ ಆಗುತ್ತೇವೆ.

2013ರ ಸಂಘದ ಚುನಾವಣೆಯಲ್ಲಿ ಡೇರಿ ಆ ಕಡೆಯವರ ಕೈಗೆ ಹೋಯಿತು. ಹಾಲು ಪರೀಕ್ಷೆ ಮಾಡುತ್ತಿದ್ದ ಹುಡುಗನನ್ನು ಬಿಡಿಸಿ ಅವರ ಕಡೆಯ ಹುಡುಗನನ್ನು ಹಾಕಿದರು. ಅದಾಗಿ ಹದಿನೈದು ದಿನಕ್ಕೆ ನಮ್ಮ ಹಾಲಿನ ಎಸ್‌ಎನ್‌ಎಫ್ ಇಳಿಯೋಕೆ ಶುರುವಾಯಿತು. ಎಸ್‌ಎನ್‌ಎಫ್ ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ. ಹಸುವಿನ ಹಾಲಿಗೆ ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಇರಬೇಕು ಅಂತ ಲೆಕ್ಕ. ಇದು ಇಳಿದರೆ ರೇಟು ಇಳಿಯುತ್ತೆ. ಇನ್ನೂ ಇಳಿದರೆ ಹಾಲನ್ನೇ ವಾಪಸ್ ಕಳಿಸುತ್ತಾರೆ. ನಮ್ಮದು 8.5 ಇದ್ದದ್ದು 8.1, 8, ಒಂದೊಂದು ದಿನ 7.9. ಹಸು ಅವೇ, ಮೇವು ಅದೇ.

ಅತ್ತೆ ಡೇರಿ ಮುಂದೆ ನಿಂತು ಬೈದು ಬಂದರು. ಮಾವ, "ಸುಮ್ಕಿರು. ಮುಂದಿನ ಸಲ ನಮ್ಮೋರು ಬರ್ತಾರೆ, ಆವಾಗ ನೋಡ್ಕಳನ" ಅಂದರು. ನಾನು ಮಂಡ್ಯಕ್ಕೆ ಹೋದಾಗ ಇನ್ನೂರು ಚಿಲ್ಲರೆ ಕೊಟ್ಟು, ಹಾಲಿಗೆ ನೀರು ಬೆರೆತಿದೆಯಾ ಅಂತ ನೋಡುವ ಲ್ಯಾಕ್ಟೋಮೀಟರ್ ಒಂದನ್ನು ತಂದೆ. ಮನೆಯಲ್ಲಿ ಬಿಟ್ಟು ನೋಡಿದರೆ ಡಿಗ್ರಿ 29, 30, ಅಂದರೆ ನೀರು ಬೆರೆಯದ ಹಾಲು. ಅದೇ ಹಾಲು ನೂರು ಹೆಜ್ಜೆ ನಡೆದು ಡೇರಿ ಮುಟ್ಟುವಷ್ಟರಲ್ಲಿ ನೀರಾಗುತ್ತಿತ್ತು.

ಸಾಲಿನಲ್ಲಿ ನಿಂತಾಗ ಬೇರೆ ಏನೂ ಮಾಡದೆ ಆ ಹುಡುಗನ ಕೈಯನ್ನೇ ನೋಡುತ್ತಾ ಬಂದೆ. ನಾಲ್ಕು ದಿನ ನೋಡಿದ ಮೇಲೆ ಕಂಡಿತು. ಮಿಷನ್ನಿಗೆ ಇಡುವ ಸ್ಯಾಂಪಲ್ ಲೋಟವನ್ನು ಅವನು ಪ್ರತಿ ಸಲ ಬಕೆಟ್ಟಿನ ನೀರಿನಲ್ಲಿ ಅದ್ದಿ ತೊಳೆಯುತ್ತಿದ್ದ. ಕೆಲವರ ಸರದಿ ಬಂದಾಗ ಲೋಟವನ್ನು ಎರಡು ಸಲ ಜಾಡಿಸಿ, ಬೋರಲು ಮಾಡಿ, ಆಮೇಲೆ ಹಾಲು ಹಿಡಿಯುತ್ತಿದ್ದ. ಇನ್ನು ಕೆಲವರ ಸರದಿಗೆ ಜಾಡಿಸದೆ ಹಾಗೇ ಹಿಡಿಯುತ್ತಿದ್ದ. ತಳದಲ್ಲಿ ಒಂದಿಷ್ಟು ನೀರು ಉಳಿದಿರುತ್ತಿತ್ತು, ಅಷ್ಟೇ. ಅದೇನೂ ಅಷ್ಟಿಷ್ಟು ವ್ಯತ್ಯಾಸ ಅಲ್ಲ. 50 ಎಂಎಲ್ ಲೋಟದಲ್ಲಿ 3 ಎಂಎಲ್ ನೀರು ಉಳಿದರೆ ನೂರಕ್ಕೆ ಆರರಷ್ಟು ನೀರು ಬೆರೆತ ಹಾಗೆ. 8.5 ಇದ್ದದ್ದು ಸೀದಾ 8ರ ಅಂಚಿಗೆ ಬರುತ್ತೆ. ಇನ್ನೊಂದು ದಾರಿಯೂ ಇತ್ತು. ಕೆನೆ ಮೇಲೆ ತೇಲುತ್ತೆ, ಅಲ್ವಾ? ಕ್ಯಾನನ್ನು ಕಲಕದೆ ಮೇಲಿನಿಂದ ಮೊಗೆದರೆ ಫ್ಯಾಟ್ ಜಾಸ್ತಿ ಬರುತ್ತೆ. ಸೌಟನ್ನು ಆಳಕ್ಕೆ ಬಿಟ್ಟು ತಳದಿಂದ ಎತ್ತಿದರೆ ಕಮ್ಮಿ ಬರುತ್ತೆ. ಯಾರಿಗೆ ಮೇಲಿಂದ, ಯಾರಿಗೆ ಕೆಳಗಿಂದ ಅನ್ನುವುದು ಆ ಕೈಗೆ ಗೊತ್ತಿತ್ತು.

ನನಗೆ ಸಿಟ್ಟು ಬಂತು. ನಮ್ಮ ಎದುರು ಮನೆಯ ಅಕ್ಕ ಆ ಕಡೆಯವರು. ನೀರು ಹಿಡಿಯೋ ಜಾಗದಲ್ಲಿ ಸಿಕ್ಕಾಗ ಇದನ್ನು ಹೇಳಿಕೊಂಡೆ. ಅವರು ಬಿಂದಿಗೆ ಕೆಳಗಿಟ್ಟು ನನ್ನ ಮುಖ ನೋಡಿದರು.

"ಈಗ ಕಾಣ್ತಾ ನಿಂಗೆ? ನಿಮ್ಮೋರು ಇದ್ದಾಗ ಐದ್ ವರ್ಸ ನಂಗೂ ಇದ್ನೇ ಮಾಡ್ದ್ರು ಕಣವ್ವ. ನಾನು ಹಾಲ್ನ ವಾಪಸ್ ಹೊತ್ಕಂಡ್ ಹೋಗೋವಾಗ ನೀನು ಸಾಲಲ್ಲೇ ನಿಂತಿದ್ದೆ."

ಅದು ನಿಜ. ನಾನು ನಿಂತಿದ್ದೆ. ಅವರು ಕ್ಯಾನ್ ಹೊತ್ತು ವಾಪಸ್ ಹೋಗುವುದನ್ನು ನೋಡಿದ್ದೆ, ಹಾಲಿಗೆ ನೀರು ಹಾಕಿರಬೇಕು ಅಂದುಕೊಂಡಿದ್ದೆ. ಆಗಲೂ ಅದೇ ಲೋಟ, ಅದೇ ಬಕೆಟ್. ಕೈ ಮಾತ್ರ ನಮ್ಮ ಕಡೆಯದು. ಆ ದಿನದಿಂದ "ನಮ್ಮೋರು ಬರ್ಲಿ" ಅನ್ನುವ ಮಾತು ನನ್ನ ಬಾಯಲ್ಲಿ ಬರಲಿಲ್ಲ.

2018ರಲ್ಲಿ ಮತ್ತೆ ಚುನಾವಣೆ ಬಂತು. ಊರಿನ ಹಿರಿಯರು ಅರಳಿಕಟ್ಟೆ ಮೇಲೆ ಕೂತು, ಈ ಸಲ ಡೇರಿಯಲ್ಲಿ ರಾಜಕೀಯ ಬೇಡ, ಅವಿರೋಧ ಆಯ್ಕೆ ಮಾಡೋಣ ಅಂತ ತೀರ್ಮಾನ ಮಾಡಿದರು. ನನಗೆ ಬಹಳ ಸಂತೋಷವಾಯಿತು. ಒಟ್ಟು 13 ಸ್ಥಾನ. ಆರು ಇವರಿಗೆ, ಆರು ಅವರಿಗೆ, ಒಂದು ಯಾರ ಕಡೆಯೂ ಅಲ್ಲದ ಒಬ್ಬ ವಯಸ್ಸಾದವರಿಗೆ. ಅಧ್ಯಕ್ಷಗಿರಿ ಎರಡೂವರೆ ವರ್ಷ ಅವರದು, ಎರಡೂವರೆ ವರ್ಷ ಇವರದು. ನಾಮಪತ್ರ ಹಾಕಿದ್ದೇ 13 ಜನ. ಚುನಾವಣಾಧಿಕಾರಿ ಬಂದು ಘೋಷಣೆ ಮಾಡಿ ಹೋದರು. ಹಾರ, ಪಟಾಕಿ, ಎರಡು ಕಡೆಯವರೂ ಒಂದೇ ಫೋಟೋದಲ್ಲಿ. ಪೇಪರಿನಲ್ಲೂ ಬಂತು.

ಒಂದು ತಿಂಗಳಲ್ಲಿ ಗೊತ್ತಾಯಿತು, ರಾಜಕೀಯ ಹೊರಗೆ ಹೋಗಿರಲಿಲ್ಲ, ಪಾಲು ಮಾಡಿಕೊಂಡು ಒಳಗೇ ಕೂತಿತ್ತು. ಮೊದಲು ಒಂದು ಕಡೆಯವರ ಕೈಯಲ್ಲಿದ್ದದ್ದು ಈಗ ಇಬ್ಬರ ಕೈಗೂ ಬಂತು. ಹಾಲು ಪರೀಕ್ಷೆಗೆ ಇಬ್ಬರು ಹುಡುಗರು, ಬೆಳಗ್ಗೆ ಅವರ ಕಡೆಯವನು, ಸಂಜೆ ನಮ್ಮ ಕಡೆಯವನು. ಬೆಳಗ್ಗೆ ನಮ್ಮ ಎಸ್‌ಎನ್‌ಎಫ್ 8, ಸಂಜೆ 8.6. ಎದುರು ಮನೆ ಅಕ್ಕನಿಗೆ ಬೆಳಗ್ಗೆ 8.6, ಸಂಜೆ 8. ಪಶು ಆಹಾರದ ಲೋಡು ಬಂದರೆ ಅರ್ಧ ಮೂಟೆ ಆ ಕಡೆಗೆ, ಅರ್ಧ ಮೂಟೆ ಈ ಕಡೆಗೆ. ಎರಡು ಕಡೆಯೂ ಸೇರದವರು, ಅದರಲ್ಲೂ ಕೆಳಗಿನ ಬೀದಿಯವರು, ಕೇಳಿದರೆ "ಮುಗೀತು" ಅನ್ನುವ ಉತ್ತರ. ಮುಂಚೆ ಆದರೆ ಸೋತ ಕಡೆಯವರಾದರೂ ತಪ್ಪು ಹುಡುಕುತ್ತಿದ್ದರು, ಮಹಾಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುತ್ತಿದ್ದರು. ಈಗ ಇಬ್ಬರೂ ಒಳಗಿದ್ದರು, ಕೇಳುವವರೇ ಇರಲಿಲ್ಲ. ಅವಿರೋಧ ಅನ್ನುವ ಪದವನ್ನು ನಮ್ಮ ಕಡೆ ಬಹಳ ದೊಡ್ಡ ಮಾತಾಗಿ ಆಡುತ್ತಾರೆ. ನನ್ನ ಅನುಭವದಲ್ಲಿ ಆ ಐದು ವರ್ಷದಷ್ಟು ಕೆಟ್ಟ ಆಡಳಿತ ನಮ್ಮ ಡೇರಿಯಲ್ಲಿ ಬೇರೆ ಯಾವಾಗಲೂ ಇರಲಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ರಿಟೈರ್ ಆದ ಮೇಷ್ಟ್ರು ಇದ್ದಾರೆ. ಒಂದೇ ಹಸು ಕಟ್ಟಿದ್ದಾರೆ, ತಾವೇ ಹಾಲು ಹಾಕಲು ಬರುತ್ತಾರೆ. ಎರಡೂ ಟೀ ಅಂಗಡಿಗೆ ಹೋಗುವ ಊರಿನ ಏಕೈಕ ಮನುಷ್ಯ ಅವರು. ಅವರ ಹತ್ತಿರ ಒಂದು ದಿನ ಈ ಎಲ್ಲ ಹೇಳಿಕೊಂಡು, "ಸಾರ್, ಪಾರ್ಟಿ ಇಲ್ದೆ ಒಂದು ಸಂಘ ನಡೆಯೋಕೆ ಆಗೋದೇ ಇಲ್ವಾ?" ಅಂತ ಕೇಳಿದೆ. ಅವರು ಸಹಕಾರ ಸಂಘ ಶುರುವಾದ ಕಥೆ ಹೇಳಿದರು. ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘ ನನಗೂ ಗೊತ್ತಿತ್ತು, ಶಾಲೆಯಲ್ಲಿ ಓದಿದ್ದೆ. ಅದಕ್ಕೂ ಹಿಂದಿನದು ಗೊತ್ತಿರಲಿಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಅನ್ನುವ ಊರಿನಲ್ಲಿ 1844ರಲ್ಲಿ 28 ಜನ, ನೇಕಾರರು ಮತ್ತು ಕೂಲಿಯವರು, ದುಡ್ಡು ಕೂಡಿಸಿ ಒಂದು ಅಂಗಡಿ ತೆರೆದರಂತೆ. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿ. ಆಗಿನ ಅಂಗಡಿಯವರು ಹಿಟ್ಟಿಗೆ ಕಲಬೆರಕೆ ಮಾಡುತ್ತಿದ್ದರು, ತೂಕದಲ್ಲಿ ಮೋಸ ಮಾಡುತ್ತಿದ್ದರು. ಇವರ ಅಂಗಡಿಯಲ್ಲಿ ಶುದ್ಧ ಸಾಮಾನು, ಸರಿಯಾದ ತೂಕ. ಇದ್ದವರಿಗೂ ಇಲ್ಲದವರಿಗೂ ಒಂದೇ ವೋಟು. ಮುಂದೆ 1937ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಆ ರಾಚ್‌ಡೇಲಿನವರ ತತ್ವಗಳನ್ನು ಪಟ್ಟಿ ಮಾಡಿತು. ಅದರಲ್ಲಿ ರಾಜಕೀಯ, ಧರ್ಮದ ವಿಷಯದಲ್ಲಿ ತಟಸ್ಥವಾಗಿರಬೇಕು ಅನ್ನುವುದೂ ಒಂದಾಗಿತ್ತು. 1966ರಲ್ಲಿ ಪಟ್ಟಿಯನ್ನು ಹೊಸದಾಗಿ ಬರೆದಾಗ ಅದು ಬೇರೆ ತತ್ವವಾಗಿ ಉಳಿಯಲಿಲ್ಲ.

"ಯಾಕೆ ತೆಗೆದ್ರು ಸಾರ್?"

"ತೆಗೆದ್ರೋ ಬಿಟ್ರೋ, ನೀನು ತಟಸ್ಥ ಅಂತ ಗೋಡೆ ಮೇಲೆ ಬರೆಸಿಬಿಟ್ರೆ ಆಯ್ತಾ ತಾಯಿ? ಅವರು ಮೊದಲು ತಕ್ಕಡಿ ಸರಿ ಮಾಡ್ಕಂಡ್ರು ನೋಡು."

ಆದರೂ ಮೊದಲು ನಾನು ಗೋಡೆ ಮೇಲೆ ಬರೆಸುವ ಕೆಲಸವನ್ನೇ ಮಾಡಿದೆ. 2021ರ ಮಹಾಸಭೆಯಲ್ಲಿ ಎದ್ದು ನಿಂತು, ಡೇರಿ ಒಳಗೆ ಪಕ್ಷ ರಾಜಕೀಯ ತರುವುದಿಲ್ಲ ಅಂತ ಎಲ್ಲರೂ ಪ್ರಮಾಣ ಮಾಡೋಣ ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಒಳ್ಳೇ ಮಾತು ಅಂದರು. ಮಾರನೇ ದಿನ ಬೆಳಗ್ಗೆ ಲೋಟದ ತಳದಲ್ಲಿ ನೀರು ಹಾಗೇ ಇತ್ತು.

ಆಮೇಲೆ ಮೇಷ್ಟ್ರು, ನಾನು, ಎದುರು ಮನೆ ಅಕ್ಕ, ಕೆಳಗಿನ ಬೀದಿಯ ಇಬ್ಬರು ಹೆಂಗಸರು, ಐದು ಜನ ಮೇಷ್ಟ್ರ ಮನೆ ಹಜಾರದಲ್ಲಿ ಕೂರತೊಡಗಿದೆವು. ಪಾರ್ಟಿ ಎಲ್ಲೆಲ್ಲಿ ಒಳಗೆ ಬರುತ್ತೆ ಅನ್ನುವುದನ್ನು ಬರೆದುಕೊಳ್ಳುತ್ತಾ ಹೋದೆವು. ಬರೆದ ಮೇಲೆ ನೋಡಿದರೆ ಅಲ್ಲಿ ಬಾವುಟ, ಶಾಲು, ಭಾಷಣ ಯಾವುದೂ ಇರಲಿಲ್ಲ. ಎಲ್ಲ ಸಣ್ಣ ಸಣ್ಣ ಜಾಗ. ಯಾರೋ ಒಬ್ಬರು ಯಾರೂ ನೋಡದ ಹಾಗೆ ಕೊಡಬಹುದಾದ ಅಥವಾ ತಡೆಯಬಹುದಾದ ಜಾಗ. ಲೋಟ ಅಂಥ ಒಂದು ಜಾಗ. ಪಶು ಆಹಾರದ ಮೂಟೆ ಇನ್ನೊಂದು. ಪರೀಕ್ಷೆ ಹುಡುಗನ ಕೆಲಸ ಮತ್ತೊಂದು.

ಹಾಜರಿ ಪುಸ್ತಕದ ವಿಷಯ ಕೇಳಿ ನನಗೆ ದಿಗಿಲಾಯಿತು. ಮಹಾಸಭೆಗಳಿಗೆ ಬಾರದವರು, ಸಂಘದ ಜೊತೆ ಸರಿಯಾಗಿ ವ್ಯವಹಾರ ಮಾಡದವರು ವೋಟಿನ ಹಕ್ಕು ಕಳೆದುಕೊಳ್ಳುವ ನಿಯಮ ನಮ್ಮ ಸಹಕಾರ ಕಾಯ್ದೆಯಲ್ಲಿ ಬಂದಿತ್ತು. ನಿಯಮ ಒಳ್ಳೆಯದೇ. ಹಾಲು ಹಾಕದವರು ಬರೀ ವೋಟು ಹಾಕಲು ಬರಬಾರದು ಅಂತ ಇರಬೇಕು. ಆದರೆ ಸಭೆಗೆ ಬಂದು ಸಹಿ ಮಾಡಿದ್ದವರ ಹೆಸರೂ ಅನರ್ಹರ ಪಟ್ಟಿಯಲ್ಲಿ ಬರುತ್ತಿತ್ತು. ಕೆಳಗಿನ ಬೀದಿಯ ಒಬ್ಬ ಅಜ್ಜಿ ಪ್ರತಿ ವರ್ಷ ಹೆಬ್ಬೆಟ್ಟು ಒತ್ತಿದ್ದರು. ಆ ಹಾಳೆಯೇ ಇರಲಿಲ್ಲ. ಮುಂದಿನ ಸಭೆಯಿಂದ ನಾವು ಒಂದು ಕೆಲಸ ಮಾಡಿದೆವು. ಸಹಿ ಮಾಡಿದ ಕೂಡಲೇ ಆ ಪುಟದ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳುವುದು. ಯಾರ ಹತ್ತಿರವೂ ಜಗಳ ಆಡಲಿಲ್ಲ, ಬರೀ ಫೋಟೋ. ಆಮೇಲೆ ಹಾಳೆ ಕಳೆಯಲಿಲ್ಲ.

ಸರ್ಕಾರದಿಂದ ಆಗ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಬರುತ್ತಿತ್ತು. ಅದು ನೇರ ಬ್ಯಾಂಕ್ ಖಾತೆಗೆ ಬೀಳುತ್ತೆ. ತಡವಾಗುತ್ತೆ ಅಂತ ಎಲ್ಲರೂ ಗೊಣಗುತ್ತೇವೆ. ಆದರೆ ಆ 5 ರೂಪಾಯಿಗಾಗಿ ಯಾರೂ ಯಾರ ಮನೆ ಬಾಗಿಲಿಗೂ ಹೋಗಿ ನಿಂತದ್ದು ನಾನು ನೋಡಿಲ್ಲ. ಇದನ್ನು ಮೊದಲು ಗಮನಿಸಿ ಹೇಳಿದ್ದು ಎದುರು ಮನೆ ಅಕ್ಕ. "ಮಧ್ಯದಲ್ಲಿ ಕೈ ಇಲ್ದಿದ್ರೆ ಪಾರ್ಟಿ ಎಲ್ ಬತ್ತದೆ?" ಅಂದರು. ಅವರು ಓದಿರುವುದು ನಾಲ್ಕನೇ ಕ್ಲಾಸು. ನಮ್ಮ ಅರ್ಜಿ ಬರೆಯುವಾಗ ಅವರ ಆ ಮಾತನ್ನೇ ಹಿಡಿದುಕೊಂಡು ಬರೆದೆವು.

ಅರ್ಜಿ ಕೊಡುವುದರಲ್ಲೂ ಒಂದು ಪಾಠ ಕಲಿತೆವು. ಮಹಾಸಭೆ ನೋಟಿಸಿನ ಕೊನೆಯಲ್ಲಿ "ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು" ಅಂತ ಒಂದು ಸಾಲು ಇರುತ್ತೆ. ನಾವು ಸಾಮಾನ್ಯ ಜನ ಏನು ಹೇಳಬೇಕಾದರೂ ಅಲ್ಲಿಗೇ ತಳ್ಳುತ್ತಾರೆ. ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿರುತ್ತಾರೆ. ಅದಕ್ಕೆ ನೋಟಿಸ್ ಅಚ್ಚಾಗುವ ಮುಂಚೆಯೇ, ಆಗಸ್ಟಿನಲ್ಲೇ, ವಿಷಯವನ್ನು ಬರೆದು, 40 ಸದಸ್ಯರ ಸಹಿ ಹಾಕಿಸಿ, ಕಾರ್ಯದರ್ಶಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಂಡೆವು. ಒಂದು ಪ್ರತಿಯನ್ನು ಸಹಕಾರ ಇಲಾಖೆಯ ಸಹಾಯಕ ನಿಬಂಧಕರ ಕಚೇರಿಗೂ ಕೊಟ್ಟೆವು. ಸಹಿ ಹಾಕಿಸುವಾಗ ಎರಡೂ ಕಡೆಯವರು ಸಮ ಇರಬೇಕು ಅಂತ ಲೆಕ್ಕ ಇಡಲಿಲ್ಲ. ಲೆಕ್ಕ ಇಟ್ಟಿದ್ದರೆ ಮತ್ತೆ ಅದೇ ಆಗುತ್ತಿತ್ತು. ಹಾಲು ವಾಪಸ್ ಹೊತ್ತ ಮನೆಗಳಿಗೆ ಮೊದಲು ಹೋದೆವು.

2022ರ ಸೆಪ್ಟೆಂಬರಿನ ಆ ಮಹಾಸಭೆ ಶಾಲೆ ಆವರಣದಲ್ಲಿ ನಡೆಯಿತು. ನಮ್ಮ ವಿಷಯ ನಾಲ್ಕನೆಯದಾಗಿತ್ತು. ಮೇಷ್ಟ್ರು ಭಾಷಣ ಮಾಡಲಿಲ್ಲ. ಡೇರಿ ಮಿಷನ್ನನ್ನು ಹೊರಗೆ ತಂದು ಟೇಬಲ್ ಮೇಲೆ ಇಡಿಸಿದರು. ಒಂದು ಕ್ಯಾನ್ ಹಾಲು ತರಿಸಿ ಎಲ್ಲರ ಎದುರು ಚೆನ್ನಾಗಿ ಕಲಕಿಸಿದರು. ಎರಡು ಲೋಟ ತೊಳೆದರು. ಒಂದನ್ನು ಬೋರಲು ಹಾಕಿ, ನೀರು ಪೂರಾ ಬಸಿದ ಮೇಲೆ, ಅದೇ ಹಾಲಿನಲ್ಲಿ ಒಮ್ಮೆ ಗಲಬರಿಸಿ ಚೆಲ್ಲಿದರು. ಇನ್ನೊಂದನ್ನು ಹಾಗೇ ಇಟ್ಟರು. ಎರಡಕ್ಕೂ ಒಂದೇ ಕ್ಯಾನಿನ ಹಾಲು. ಏಳನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಕರೆದು ಮಿಷನ್ ತೋರಿಸುವ ಅಂಕಿಯನ್ನು ಜೋರಾಗಿ ಓದು ಅಂದರು.

"ಎಂಟು ಪಾಯಿಂಟ್ ಐದು," ಅಂತ ಓದಿದಳು. ಎರಡನೇ ಲೋಟ ಇಟ್ಟರು. ಮಿಷನ್ ಸ್ವಲ್ಪ ಹೊತ್ತು ತೆಗೆದುಕೊಂಡಿತು. "ಎಂಟು."

ಯಾರೂ ಮಾತಾಡಲಿಲ್ಲ. ಗಂಡಸರು ನೆಲ ನೋಡುತ್ತಿದ್ದರು. ಎರಡೂ ಕಡೆಯವರಿಗೂ ಗೊತ್ತಿದ್ದ ವಿಷಯವೇ. ಆದರೆ ಅದನ್ನು ಒಂದು ಮಗುವಿನ ಬಾಯಲ್ಲಿ ಕೇಳುವುದೇ ಬೇರೆ. ಹೆಬ್ಬೆಟ್ಟಿನ ಅಜ್ಜಿ ಮುಂದೆ ಬಂದು ಆ ಎರಡನೇ ಲೋಟವನ್ನು ಕೈಗೆ ತೆಗೆದುಕೊಂಡು ನೋಡಿದರು. "ಇಷ್ಟ್ ನೀರ್ಗೆ ನಾನು ನಮ್ಮ ಹಸೀನ ಮಾರ್ಬುಟ್ನಲ್ಲಪ್ಪ" ಅಂದರು. ಹಾಲು ಸರಿ ಬರುತ್ತಿಲ್ಲ ಅಂತ ಅವರು ಹಿಂದಿನ ವರ್ಷ ಹಸುವನ್ನು ಮಾರಿದ್ದರು.

ನಿರ್ಣಯ ಪಾಸಾಯಿತು. ಲೋಟ ಬೋರಲು ಹಾಕಿ ಬಸಿಯಬೇಕು. ಕ್ಯಾನ್ ಕಲಕಿಯೇ ಮೊಗೆಯಬೇಕು. ಮಿಷನ್ನಿನ ಮುಖ ಹಾಲು ಹಾಕುವವರ ಕಡೆಗೇ ಇರಬೇಕು. ಅನುಮಾನ ಬಂದವರು ಕೇಳಿದರೆ ಎರಡನೇ ಸಲ ನೋಡಬೇಕು. ಹಾಲು ವಾಪಸ್ ಮಾಡಿದರೆ ಕಾರಣ ಬರೆದು ಸಹಿ ಹಾಕಬೇಕು. ಪಶು ಆಹಾರ ಹಿಂದಿನ ತಿಂಗಳು ಹಾಕಿದ ಹಾಲಿನ ಲೆಕ್ಕದ ಮೇಲೆ, ಪಟ್ಟಿ ಗೋಡೆಗೆ ಅಂಟಿಸಬೇಕು. ಹುಡುಗರ ಕೆಲಸದ ವಿಷಯಕ್ಕೆ ದೊಡ್ಡ ಗಲಾಟೆ ಆಯಿತು. ಕೊನೆಗೆ, ಒಕ್ಕೂಟದ ವಿಸ್ತರಣಾಧಿಕಾರಿ ಎದುರು ಪರೀಕ್ಷೆ ಮಾಡಿ ತೋರಿಸಿದವರನ್ನು ಇಟ್ಟುಕೊಳ್ಳುವುದು, ಮಂಡಳಿ ಬದಲಾದ ಕಾರಣಕ್ಕೆ ತೆಗೆಯುವಂತಿಲ್ಲ ಅಂತ ಬರೆದುಕೊಂಡರು.

ಬೆಳಗಿನ ಹುಡುಗ ಎರಡು ದಿನ ಬಿಟ್ಟು ನಮ್ಮ ಮನೆಗೆ ಬಂದ. ಬಾಗಿಲ ಹೊರಗೇ ನಿಂತಿದ್ದ. "ಅಕ್ಕ, ನಂಗೆ ಹೇಳಿದ್ದು ಮಾಡ್ದೆ. ಮಾಡ್ದಿದ್ರೆ ಕೆಲ್ಸ ಇರ್ತಿರ್ಲಿಲ್ಲ" ಅಂದ. ಅವನ ಮೇಲೆ ನನಗಿದ್ದ ಕೋಪ ಅಲ್ಲೇ ಕರಗಿತು. ಅವನಿಗೆ ಸಿಗುತ್ತಿದ್ದದ್ದು ಎಷ್ಟು ಅಂತ ನನಗೆ ಗೊತ್ತು, ಒಂದು ಮನೆ ನಡೆಯುವ ದುಡ್ಡಲ್ಲ ಅದು. ವಿಸ್ತರಣಾಧಿಕಾರಿ ಎದುರು ಅವನೇ ಎಲ್ಲರಿಗಿಂತ ಚೆನ್ನಾಗಿ ಮಾಡಿ ತೋರಿಸಿದ. ಈಗಲೂ ಅವನೇ ಇದ್ದಾನೆ.

2023ರಲ್ಲಿ ಮತ್ತೆ ಚುನಾವಣೆ. ಹಿರಿಯರು ಮತ್ತೆ ಅರಳಿಕಟ್ಟೆಗೆ ಕರೆದರು, ಮತ್ತೆ ಅವಿರೋಧ ಅಂದರು. ಈ ಸಲ ನಾವು ಬೇಡ ಅಂದೆವು. ರಾಜಕೀಯ ಬೇಡ ಅನ್ನುವವಳು ಚುನಾವಣೆ ಬೇಕು ಅಂತಿದಾಳಲ್ಲ ಅಂತ ಬಹಳ ಜನ ಕೇಳಿದರು. ನಾನು ಹೇಳಿದ್ದು ಇಷ್ಟೇ. ಸ್ಪರ್ಧೆ ಇರಲಿ, ನಮ್ಮ ಹೆಸರನ್ನು ನಾವು ಹಾಲು ಹಾಕುವವರು ಆರಿಸೋಣ. ಲೀಡರ್ ಮನೆಯಲ್ಲಿ ಕೂತು ಬರೆದ ಪಟ್ಟಿ ಬೇಡ.

ಮನೆಯಲ್ಲಿ ಇದು ಸುಲಭ ಇರಲಿಲ್ಲ. ನಾನು ಮಹಿಳಾ ಸ್ಥಾನಕ್ಕೆ ನಾಮಪತ್ರ ಹಾಕುತ್ತೇನೆ ಅಂದಾಗ ನಮ್ಮ ಕಡೆಯ ಪಟ್ಟಿಯಲ್ಲಿ ನನ್ನ ಹೆಸರು ಸೇರಿಸಲು ಮುಖಂಡರು ಒಪ್ಪಿದರು, ಶಾಲು ಹಾಕಿಸಿಕೊಂಡು ಬಾ ಅಂದರು. ನಾನು ಹೋಗಲಿಲ್ಲ. ಮಾವ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನನ್ನ ಗಂಡನಿಗೆ ಇಪ್ಪತ್ತು ವರ್ಷದ ಗೆಳೆಯರು, ಬಸ್ ಸ್ಟಾಪ್ ಅಂಗಡಿಯಲ್ಲಿ ಅವರು ಒಬ್ಬರೇ ಟೀ ಕುಡಿಯುವ ಹಾಗಾಯಿತು. "ನಿನ್ ದೆಸೆಯಿಂದ" ಅಂತ ಒಂದು ರಾತ್ರಿ ಅಂದರು. ಬೆಳಗ್ಗೆ ಎದ್ದು ನನ್ನ ಜೊತೆ ಪ್ರಚಾರಕ್ಕೆ ಬಂದರು. ನಾಮಪತ್ರ ವಾಪಸ್ ತೆಗೆಯುವ ಕೊನೆ ದಿನ ಸಂಜೆ ಮಾವ ಹಟ್ಟಿ ಬಾಗಿಲಲ್ಲಿ ನಿಂತು, "ತಗೀಬ್ಯಾಡ. ನಿಂತ್ಕಂಡ ಮ್ಯಾಲೆ ನಿಂತ್ಕಂಡಂಗೆ" ಅಂದರು.

ಗೆದ್ದೆ, 19 ವೋಟಿನಲ್ಲಿ. ಗೆದ್ದ 13 ಜನರಲ್ಲಿ ಎರಡೂ ಕಡೆಯವರು ಇದ್ದಾರೆ, ನಾಲ್ಕು ಜನ ಯಾವ ಪಟ್ಟಿಯಲ್ಲೂ ಇಲ್ಲದವರು. ಎಣಿಕೆ ಮುಗಿದ ರಾತ್ರಿಯೇ ಒಬ್ಬರು ಫೋನ್ ಮಾಡಿ, "ನೀವು ಯಾವ ಪಕ್ಷದ ಬೆಂಬಲಿತರು ಅಂತ ಹಾಕ್ಲಿ ಮೇಡಂ?" ಅಂದರು. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೆದರೂ ಮಾರನೇ ದಿನ ಎಲ್ಲರೂ ಬೆಂಬಲಿತರು ಆಗಿಬಿಡುತ್ತಾರಲ್ಲ, ಆ ಪದವೇ ನನಗೆ ಆಗುವುದಿಲ್ಲ. ಹಾಲು ಹಾಕುವವರ ಬೆಂಬಲ ಅಂತ ಬರೀರಿ ಅಂದೆ. ಅವರು ಹೆಸರನ್ನೇ ಬಿಟ್ಟರು.

ಎಲ್ಲ ಸರಿಹೋಗಿದೆ ಅಂತ ಹೇಳುತ್ತಿಲ್ಲ. ಅಧ್ಯಕ್ಷರ ಆಯ್ಕೆಯ ದಿನ ಎರಡೂ ಕಡೆಯಿಂದ ಕಾರು ಬಂದಿದ್ದವು. ಗೋಡೆಗೆ ಅಂಟಿಸಿದ ಪಶು ಆಹಾರದ ಪಟ್ಟಿಯನ್ನು ಎರಡು ಸಲ ಹರಿದು ಹಾಕಿದರು, ಎರಡು ಸಲವೂ ಮತ್ತೆ ಅಂಟಿಸಿದೆವು. ಡೆಲಿಗೇಟ್ ಯಾರು ಅನ್ನುವ ವಿಷಯಕ್ಕೆ ಈಗಲೂ ಮಂಡಳಿಯಲ್ಲಿ ಕೂಗಾಟ ಆಗುತ್ತೆ. ಟೀ ಅಂಗಡಿ ಎರಡೇ ಇವೆ. ಎಂಎಲ್‌ಎ ಎಲೆಕ್ಷನ್ ಬಂದರೆ ಊರು ಮೊದಲಿನ ಹಾಗೇ ಎರಡಾಗುತ್ತೆ. ಆಗಲಿ, ಅಲ್ಲಿ ಪಾರ್ಟಿ ಇರಬೇಕಾದ್ದೇ. ನಾನೂ ವೋಟು ಹಾಕುತ್ತೇನೆ, ಯಾರಿಗೆ ಅಂತ ಎದುರು ಮನೆ ಅಕ್ಕನಿಗೆ ಹೇಳುವುದೂ ಇಲ್ಲ, ಅವರು ಕೇಳುವುದೂ ಇಲ್ಲ.

ಹೋದ ಬೇಸಿಗೆಯಲ್ಲಿ ಮಾವನ ದಾಯಾದಿ, ನಾವು ದೊಡ್ಡಪ್ಪ ಅನ್ನುವವರು, ಸಿಟ್ಟಿನಲ್ಲಿ ಮನೆಗೆ ಬಂದರು. ಬೆಳಗ್ಗೆ ಅವರ ಹಾಲು ವಾಪಸ್ ಆಗಿತ್ತು. "ನಮ್ ಮನೆ ಸೊಸೇನೇ ಡೈರೆಕ್ಟ್ರು, ನಮ್ ಹಾಲೇ ವಾಪಸ್ಸು. ಇದ್ಕಾ ನಿನ್ನ ಗೆಲ್ಸಿದ್ದು?" ಅಂದರು. ಕೂರಿಸಿ ಟೀ ಕೊಟ್ಟೆ. ಸಂಜೆ ಹಾಲು ಹಾಕುವಾಗ ನಾನೂ ಬರ್ತೀನಿ ದೊಡ್ಡಪ್ಪ, ನಿಮ್ಮ ಕೈಯಾರೆ ಮಾಡಿ ನೋಡಿ ಅಂದೆ.

ಸಂಜೆ ಸಾಲು ಉದ್ದ ಇತ್ತು. ಅವರ ಸರದಿ ಬಂದಾಗ ಹುಡುಗ ಪಕ್ಕಕ್ಕೆ ಸರಿದು ಲೋಟವನ್ನು ಅವರ ಕೈಗೆ ಕೊಟ್ಟ. ಅವರೇ ತೊಳೆದರು, ಅವರೇ ಬೋರಲು ಹಾಕಿದರು, ಒಂದೊಂದೇ ಹನಿ ಬೀಳುವುದನ್ನು ನೋಡುತ್ತಾ ನಿಂತರು. ಕ್ಯಾನನ್ನು ಅವರೇ ಕಲಕಿದರು. ಮಿಷನ್ 7.8 ತೋರಿಸಿತು. ಇನ್ನೊಂದು ಸಲ ಮಾಡಿದರು. 7.8. ಹಿಂದೆ ನಿಂತಿದ್ದ ಎದುರು ಮನೆ ಅಕ್ಕ ಮೆಲ್ಲಗೆ, "ಏನ್ ಹಾಕ್ತಿದೀರಿ ಹಸೀಗೆ?" ಅಂತ ಕೇಳಿದರು. ಎರಡು ತಿಂಗಳಿಂದ ಬರೀ ಕಬ್ಬಿನ ಸೋಗೆ, ಒಣ ಹುಲ್ಲು ಅಂದರು. ಹಿಂಡಿ, ಫೀಡು ಬಿಟ್ಟು ಬರೀ ಅದನ್ನೇ ಹಾಕಿದರೆ ಗಟ್ಟಿ ಅಂಶ ಇಳಿಯುತ್ತೆ ಅಂತ ಅಕ್ಕ ಹೇಳಿದರು. ಫೀಡಿನ ಪಟ್ಟಿ ಗೋಡೆ ಮೇಲಿತ್ತು, ದೊಡ್ಡಪ್ಪನ ಹೆಸರಿನ ಎದುರು ಎರಡು ಮೂಟೆ ಇತ್ತು, ಅವರು ತೆಗೆದುಕೊಂಡಿರಲಿಲ್ಲ.

ದೊಡ್ಡಪ್ಪ ಕ್ಯಾನ್ ಮುಚ್ಚಿಕೊಂಡು ಸಾಲಿನಿಂದ ಆಚೆ ಬಂದರು. ಹೊರಡುವ ಮುಂಚೆ ತಿರುಗಿ, ಮಿಷನ್ ಪಕ್ಕದಲ್ಲಿದ್ದ ಲೋಟವನ್ನು ಮತ್ತೆ ತೊಳೆದು, ಅಕ್ಕನ ಸರದಿಗೆ ಬೋರಲು ಹಾಕಿ ಇಟ್ಟು ಹೋದರು.